ವೆರ್ನನ್ ಹಿತ್ತಾಳೆ ಪದಕಗಳು: ಗುರುತಿಸುವಿಕೆ ಮತ್ತು ಮೌಲ್ಯನಿರ್ಣಯ

ಪ್ರಾಚ್ಯವಸ್ತುಗಳ ಅಧ್ಯಯನದಲ್ಲಿ ಚಿನ್ನ ಬೆಳ್ಳಿಗಳಿಗೆ ದೊರೆತ ಗಮನ ಹಿತ್ತಾಳೆಗೆ ದೊರೆತಿಲ್ಲ. ಅರಸರು, ಸರಕಾರಗಳು, ವಿದ್ವತ್ ಸಂಸ್ಥೆಗಳು ಹೊರಡಿಸಿದ ಬೆಲೆಬಾಳುವ ಪದಕಗಳು ಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಗಳನ್ನು ಸೇರಿದರೆ, ಬೀದಿಯಲ್ಲಿ ಮಾರಾಟವಾದ ಹಿತ್ತಾಳೆಯ ಪದಕಗಳು ಬಹುಕಾಲ ಹಳೆಯ ಸಾಮಾನುಗಳ ರಾಶಿಯಲ್ಲೇ ಉಳಿದವು. ಆದರೆ ಒಂದು ಕಾಲದ ಸಾಮಾನ್ಯ ಜನ ಏನನ್ನು ನಂಬಿದ್ದರು, ಯಾರನ್ನು ವೀರನೆಂದು ಕೊಂಡಾಡಿದರು, ಯಾರನ್ನು ಹಂಗಿಸಿದರು ಎಂಬುದನ್ನು ತಿಳಿಯಬಯಸುವವರಿಗೆ ಈ ಅಗ್ಗದ ಪದಕಗಳೇ ಮುಖ್ಯ ಆಕರಗಳು. ಈ ದೃಷ್ಟಿಯಿಂದ 18ನೆಯ ಶತಮಾನದ ಬ್ರಿಟನ್ನಿನಲ್ಲಿ ನೌಕಾಧಿಪತಿ ಎಡ್ವರ್ಡ್ ವೆರ್ನನ್ನನ (1684–1757) ಹೆಸರಿನಲ್ಲಿ ತಯಾರಾದ ಹಿತ್ತಾಳೆ ಪದಕಗಳು ಗಮನಾರ್ಹವಾದವು. ಅವುಗಳನ್ನು ಗುರುತಿಸುವ ಕ್ರಮವನ್ನೂ ಅವುಗಳ ಮೌಲ್ಯವನ್ನು ನಿರ್ಣಯಿಸುವ ತತ್ತ್ವಗಳನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪದಕದ ಸ್ವರೂಪ

ನಾಣ್ಯ, ಗೌರವಪದಕ ಮತ್ತು ಸ್ಮಾರಕಪದಕ ಇವು ಮೂರೂ ನೋಟಕ್ಕೆ ಒಂದೇ ಬಗೆಯ ಲೋಹದ ಬಿಲ್ಲೆಗಳು. ಆದರೆ ಅವುಗಳ ಹುಟ್ಟು ಬೇರೆ ಬೇರೆ. ನಾಣ್ಯಕ್ಕೆ ಪ್ರಭುತ್ವ ನಿಗದಿಪಡಿಸಿದ ಚಲಾವಣೆಯ ಬೆಲೆ ಇರುತ್ತದೆ. ಗೌರವಪದಕವನ್ನು ಪ್ರಭುತ್ವವೋ ಸಂಸ್ಥೆಯೋ ಅರ್ಹರೆನಿಸಿದವರಿಗೆ ನೀಡುತ್ತದೆ. ಸ್ಮಾರಕಪದಕಕ್ಕೆ ಚಲಾವಣೆಯ ಬೆಲೆ ಇಲ್ಲ, ಅದನ್ನು ಪಡೆಯಲು ಅರ್ಹತೆಯೂ ಬೇಕಿಲ್ಲ. ಒಂದು ಘಟನೆಯ ಅಥವಾ ವ್ಯಕ್ತಿಯ ನೆನಪಿಗಾಗಿ ಅದನ್ನು ತಯಾರಿಸಲಾಗುತ್ತದೆ. ವೆರ್ನನ್ ಪದಕಗಳು ಇದೇ ವರ್ಗದವು. ಅವುಗಳಲ್ಲಿ ಹೆಚ್ಚಿನವನ್ನು ರಾಜನಾಗಲಿ ಪಾರ್ಲಿಮೆಂಟಾಗಲಿ ಮಾಡಿಸಲಿಲ್ಲ. ಖಾಸಗಿ ಕುಶಲಕರ್ಮಿಗಳು ಲಾಭಕ್ಕಾಗಿ ಮಾಡಿದರು, ಜನ ಕಾಸು ಕೊಟ್ಟು ಕೊಂಡರು. ಆದುದರಿಂದ ಇವುಗಳ ಮೇಲಿನ ಚಿತ್ರ ಮತ್ತು ಬರಹ ಕೊಳ್ಳುವವರ ಮನಸ್ಸನ್ನು ಊಹಿಸಿ ರೂಪಿಸಿದವು. ಜಾನಪದದ ಭೌತಿಕ ಸಂಸ್ಕೃತಿಯ ಅಧ್ಯಯನದಲ್ಲಿ ಇವುಗಳಿಗೆ ಸ್ಥಾನ ದೊರೆಯುವುದು ಈ ಕಾರಣಕ್ಕಾಗಿ.

ಚಾರಿತ್ರಿಕ ಹಿನ್ನೆಲೆ

1739ರ ಅಕ್ಟೋಬರಿನಲ್ಲಿ ಬ್ರಿಟನ್ ಸ್ಪೇನಿನ ಮೇಲೆ ಯುದ್ಧ ಸಾರಿತು. 1731ರಲ್ಲಿ ಸ್ಪೇನಿನ ಕಾವಲುನೌಕೆಯವರು ರಾಬರ್ಟ್ ಜೆಂಕಿನ್ಸ್ ಎಂಬ ಹಡಗಿನ ಕಪ್ತಾನನ ಕಿವಿ ಕತ್ತರಿಸಿದರೆಂಬ ಪ್ರಕರಣ ಜನರಲ್ಲಿ ರೋಷ ಕೆರಳಿಸಿತ್ತು. ಮುಂದೆ 19ನೆಯ ಶತಮಾನದಲ್ಲಿ ಇದಕ್ಕೆ ‘ಜೆಂಕಿನ್ಸನ ಕಿವಿಯ ಯುದ್ಧ’ ಎಂಬ ಹೆಸರು ನಿಂತಿತು. ಪ್ರಧಾನಿ ರಾಬರ್ಟ್ ವಾಲ್‌ಪೋಲನಿಗೆ ಈ ಯುದ್ಧ ಬೇಕಿರಲಿಲ್ಲ. ವರ್ತಕರೂ ವಿರೋಧಪಕ್ಷದವರೂ ಯುದ್ಧಕ್ಕಾಗಿ ಒತ್ತಾಯಿಸುತ್ತಿದ್ದರು. ಪಾರ್ಲಿಮೆಂಟಿನ ಸದಸ್ಯನೂ ಆಗಿದ್ದ ವೆರ್ನನ್, ಇಂದಿನ ಪನಾಮ ದೇಶದಲ್ಲಿರುವ ಪೋರ್ಟೊಬೆಲ್ಲೊ ಬಂದರನ್ನು ಆರೇ ಹಡಗುಗಳಿಂದ ಗೆಲ್ಲಬಲ್ಲೆನೆಂದು ಸಾರಿದ್ದನು. 1739ರ ನವೆಂಬರಿನಲ್ಲಿ ಅವನು ಆ ಮಾತನ್ನು ನಡೆಸಿಕೊಟ್ಟನು. ಈ ಸುದ್ದಿ 1740ರ ಮಾರ್ಚಿನಲ್ಲಿ ಲಂಡನ್ನಿಗೆ ತಲುಪಿದಾಗ ಊರೂರುಗಳಲ್ಲಿ ದೀಪಾಲಂಕಾರ, ಮೆರವಣಿಗೆಗಳು ನಡೆದವು. ಹೆಂಡದಂಗಡಿಗಳ ಫಲಕಗಳ ಮೇಲೆ, ಪಿಂಗಾಣಿ ಬಟ್ಟಲುಗಳ ಮೇಲೆ, ಬೀದಿಯಲ್ಲಿ ಮಾರುವ ಹಾಡಿನ ಹಾಳೆಗಳ ಮೇಲೆ ವೆರ್ನನ್ ಕಾಣಿಸಿಕೊಂಡನು. ಈ ಜನಪ್ರಿಯತೆಯ ರಾಜಕೀಯವನ್ನು ಇತಿಹಾಸಕಾರ್ತಿ ಕ್ಯಾಥ್ಲೀನ್ ವಿಲ್ಸನ್ 1988ರ ತಮ್ಮ ಲೇಖನದಲ್ಲಿ ವಿವರವಾಗಿ ಚರ್ಚಿಸಿದ್ದಾರೆ.

ಪೋರ್ಟೊಬೆಲ್ಲೊ ಪದಕಗಳ ಹಿಮ್ಮುಖದಲ್ಲಿ ಸಾಮಾನ್ಯವಾಗಿ ಕಾಣುವ ಬರಹದ ಅರ್ಥ ‘ಕೇವಲ ಆರು ಹಡಗುಗಳಿಂದ ಇವನು ಪೋರ್ಟೊಬೆಲ್ಲೊವನ್ನು ಗೆದ್ದನು’ ಎಂಬುದು. ಇಲ್ಲಿಯ ‘ಕೇವಲ’ ಎಂಬ ಪದ ಬರಿಯ ಹೊಗಳಿಕೆಯಲ್ಲ. 1726–27ರಲ್ಲಿ ನೌಕಾಧಿಪತಿ ಹೋಸಿಯರ್ ಇದಕ್ಕಿಂತ ದೊಡ್ಡ ಪಡೆಯೊಡನೆ ಇದೇ ಬಂದರಿನ ಎದುರು ನಿಂತು, ದಾಳಿ ಮಾಡಲು ಆಜ್ಞೆಯಿಲ್ಲದೆ, ಸಾವಿರಾರು ನಾವಿಕರನ್ನು ಜ್ವರಕ್ಕೆ ಬಲಿಕೊಟ್ಟು ತಾನೂ ಸತ್ತಿದ್ದನು. 1740ರಲ್ಲಿ ರಿಚರ್ಡ್ ಗ್ಲೋವರ್ ಬರೆದ ಕಥನಗೀತೆಯಲ್ಲಿ ಹೋಸಿಯರನ ಪ್ರೇತವೇ ಎದ್ದುಬಂದು ವೆರ್ನನ್ನನೊಡನೆ ಮಾತಾಡುತ್ತದೆ. ಈ ಹಾಡನ್ನು ತಿಳಿದವನಿಗೆ ಪದಕದ ‘ಕೇವಲ ಆರು’ ಎಂಬ ಮಾತು ವಾಲ್‌ಪೋಲನ ಸರಕಾರಕ್ಕೆ ಹಾಕಿದ ಚುಚ್ಚುಮಾತಾಗಿ ಕೇಳಿಸುತ್ತಿತ್ತು. ಹಾಡು ಮತ್ತು ಪದಕ ಒಂದನ್ನೊಂದು ಬೆಳಗಿಸುವುದರಿಂದ, ಪದಕದ ಬರಹವನ್ನು ಅದರ ಕಾಲದ ಮೌಖಿಕ ಹಾಗೂ ಮುದ್ರಿತ ಹಾಡುಗಳೊಡನೆ ಇಟ್ಟು ಓದುವುದು ಗುರುತಿಸುವಿಕೆಯ ಒಂದು ಅಂಗವೆಂದೇ ಭಾವಿಸಬೇಕು.

ಲೋಹದ ಪರಿಶೀಲನೆ

ವೆರ್ನನ್ ಪದಕಗಳಲ್ಲಿ ಬೆಳ್ಳಿಯವು ವಿರಳ. ಬಹುಪಾಲು ಪದಕಗಳು ತಾಮ್ರ ಮತ್ತು ಸತುವಿನ ಮಿಶ್ರಲೋಹದವು. ಅವುಗಳನ್ನು ವಿವರಿಸುವಾಗ ‘ಪಿಂಚ್‌ಬೆಕ್’ ಎಂಬ ಹೆಸರು ಪದೇ ಪದೇ ಬರುತ್ತದೆ. ಲಂಡನ್ನಿನ ಗಡಿಯಾರ ತಯಾರಕ ಕ್ರಿಸ್ಟೋಫರ್ ಪಿಂಚ್‌ಬೆಕ್ (ಮರಣ 1732) ಬಳಕೆಗೆ ತಂದ, ಚಿನ್ನದ ಹೊಳಪುಳ್ಳ ಮಿಶ್ರಲೋಹವಿದು. ತಾಮ್ರ ಸುಮಾರು ಒಂಬತ್ತು ಪಾಲು, ಸತು ಸುಮಾರು ಒಂದು ಪಾಲು ಇರುವುದರಿಂದ ಇದು ಪಾತ್ರೆಯ ಹಿತ್ತಾಳೆಗಿಂತ ಹೆಚ್ಚು ಕೆಂಪು. ಹೊಸದಾಗಿದ್ದಾಗ ಈ ಪದಕ ಬಡವನ ಕೈಯಲ್ಲಿ ಚಿನ್ನದಂತೆ ಕಾಣುತ್ತಿತ್ತು ಎಂಬುದನ್ನು ಅದರ ಆಕರ್ಷಣೆಯನ್ನು ಅರಿಯುವಾಗ ಮರೆಯಬಾರದು.

ಮಿಶ್ರಲೋಹದ ಪ್ರಮಾಣ ಕಾಲನಿರ್ಣಯಕ್ಕೂ ನೆರವಾಗುತ್ತದೆ. ರಾಜಸ್ಥಾನದ ಜಾವರ್‌ನಲ್ಲಿ ಸತುವನ್ನು ಬಟ್ಟಿಯಿಳಿಸುವ ವಿದ್ಯೆ ಶತಮಾನಗಳ ಹಿಂದೆಯೇ ನೆಲೆಗೊಂಡಿತ್ತು. ಬ್ರಿಟನ್ನಿನಲ್ಲಿ ವಿಲಿಯಂ ಚಾಂಪಿಯನ್ ಅದಕ್ಕೆ ಹಕ್ಕುಪತ್ರ ಪಡೆದುದು 1738ರಲ್ಲಿ. ಅಲ್ಲಿ ಆಗ ರೂಢಿಯಲ್ಲಿದ್ದುದು ತಾಮ್ರದ ಚೂರುಗಳನ್ನು ಸತುವಿನ ಅದಿರು ಮತ್ತು ಇದ್ದಿಲಿನೊಡನೆ ಮುಚ್ಚಿದ ಮೂಸೆಯಲ್ಲಿ ಕಾಯಿಸುವ ಹಳೆಯ ವಿಧಾನ. ಈ ವಿಧಾನದಲ್ಲಿ ತಾಮ್ರ ಹೀರಿಕೊಳ್ಳಬಲ್ಲ ಸತುವಿನ ಪ್ರಮಾಣ ಸಾಮಾನ್ಯವಾಗಿ ಮೂರನೆಯ ಒಂದು ಭಾಗವನ್ನು ಮೀರುವುದಿಲ್ಲ. ಲೋಹದಿಂದ ಲೋಹಕ್ಕೆ ನೇರವಾಗಿ ಬೆರೆಸುವ ವಿಧಾನಕ್ಕೆ ಜೇಮ್ಸ್ ಎಮರ್ಸನ್ ಹಕ್ಕುಪತ್ರ ಪಡೆದುದು 1781ರಲ್ಲಿ. ಹೀಗಾಗಿ 1740ರ ಕಾಲದ್ದೆಂದು ಹೇಳಲಾಗುವ ಪದಕದಲ್ಲಿ ಸತು ಶೇಕಡ 38–40ರಷ್ಟು ಕಂಡುಬಂದರೆ ಅದು ಈಚಿನದೆಂದು ಸಂಶಯಿಸಲು ಬಲವಾದ ಆಧಾರವಿದೆ. ಕ್ಷಕಿರಣ ಪ್ರತಿದೀಪ್ತಿ ವಿಧಾನದಿಂದ ಪದಕಕ್ಕೆ ಹಾನಿಯಾಗದಂತೆ ಈ ಪ್ರಮಾಣವನ್ನು ಅಳೆಯಬಹುದು. ಆದರೆ ಈ ಪರೀಕ್ಷೆ ಮೇಲ್ಪದರವನ್ನು ಮಾತ್ರ ನೋಡುತ್ತದೆ. ಮಣ್ಣಿನಲ್ಲಿ ಹುದುಗಿದ್ದ ಹಿತ್ತಾಳೆಯ ಮೇಲ್ಪದರದಿಂದ ಸತು ಕರಗಿಹೋಗಿರುವ ಸಂಭವವಿರುವುದರಿಂದ, ಕಡಿಮೆ ಪ್ರಮಾಣವೊಂದನ್ನೇ ಹಳಮೆಗೆ ಪ್ರಮಾಣವಾಗಿ ಸ್ವೀಕರಿಸಲಾಗದು.

ಗುರುತಿಸುವ ಕ್ರಮ

ಮೊದಲು ಅಳತೆ. ಸಾಮಾನ್ಯ ವೆರ್ನನ್ ಪದಕದ ವ್ಯಾಸ ಸುಮಾರು 37ರಿಂದ 40 ಮಿಲಿಮೀಟರ್. ಇದಕ್ಕಿಂತ ಚಿಕ್ಕವೂ ಉಂಟು. ವ್ಯಾಸ, ತೂಕ, ದಪ್ಪ ಇವುಗಳನ್ನು ದಾಖಲಿಸಿದ ಬಳಿಕ ಎರಡೂ ಮುಖಗಳ ದಿಕ್ಕನ್ನು ಗಮನಿಸಬೇಕು. ಮುಮ್ಮುಖವನ್ನು ನೆಟ್ಟಗೆ ಹಿಡಿದು ಪದಕವನ್ನು ಹೊರಳಿಸಿದಾಗ ಹಿಮ್ಮುಖ ನೆಟ್ಟಗೆ ನಿಲ್ಲುವುದೋ ತಲೆಕೆಳಗಾಗುವುದೋ ಎಂಬುದು ಅಚ್ಚುಗಳನ್ನು ಜೋಡಿಸಿದ ಬಗೆಯನ್ನು ತಿಳಿಸುತ್ತದೆ.

ಎರಡನೆಯದು ಚಿತ್ರ. ಪೋರ್ಟೊಬೆಲ್ಲೊ ಪದಕಗಳ ಮುಮ್ಮುಖದಲ್ಲಿ ವೆರ್ನನ್ ನಿಂತಿರುವ ಭಂಗಿ ಸಾಮಾನ್ಯ. ಅವನು ಪೂರ್ಣಾಕೃತಿಯಲ್ಲಿ ಇದ್ದಾನೆಯೇ, ಮೊಣಕಾಲಿನವರೆಗೆ ಮಾತ್ರ ಕಾಣುತ್ತಾನೆಯೇ, ಕೈಯಲ್ಲಿ ದಂಡವಿದೆಯೇ ಕತ್ತಿಯಿದೆಯೇ, ಪಕ್ಕದಲ್ಲಿ ಫಿರಂಗಿ ಅಥವಾ ಹಡಗು ಇದೆಯೇ, ಜೊತೆಗಾರನಾದ ನೌಕಾಧಿಕಾರಿ ಚಾರ್ಲ್ಸ್ ಬ್ರೌನ್ ಇದ್ದಾನೆಯೇ ಎಂಬ ವಿವರಗಳಿಂದ ಪ್ರಭೇದ ನಿರ್ಧಾರವಾಗುತ್ತದೆ. ಹಿಮ್ಮುಖದಲ್ಲಿ ಬಂದರು, ಕೋಟೆಗಳು ಮತ್ತು ಹಡಗುಗಳಿರುತ್ತವೆ. ಹಡಗುಗಳ ಸಂಖ್ಯೆ ಮತ್ತು ಅವು ನಿಂತಿರುವ ಸಾಲನ್ನು ಎಣಿಸಿ ಬರೆದುಕೊಳ್ಳಬೇಕು.

ಮೂರನೆಯದು ಬರಹ. ಅಚ್ಚು ಕೊರೆದವರು ಅವಸರದಲ್ಲಿದ್ದರು. ಎಲ್ಲರೂ ಅಕ್ಷರದಲ್ಲಿ ಪಳಗಿದವರೂ ಆಗಿರಲಿಲ್ಲ. ಕೆಲವು ಅಕ್ಷರಗಳು ಕನ್ನಡಿಯೊಳಗಿನಂತೆ ತಿರುಗಿವೆ, ಊರಿನ ಹೆಸರು ಬಗೆಬಗೆಯಾಗಿ ಬರೆಯಲ್ಪಟ್ಟಿದೆ. ಇವನ್ನು ತಿದ್ದಿ ಬರೆಯದೆ ಇದ್ದಂತೆಯೇ ನಕಲು ಮಾಡಿಕೊಳ್ಳಬೇಕು. ಹಸ್ತಪ್ರತಿ ಸಂಪಾದನೆಯಲ್ಲಿ ಪಾಠಾಂತರಗಳು ಪ್ರತಿಗಳ ವಂಶವನ್ನು ತೋರಿಸುವಂತೆ, ಇಲ್ಲಿ ಅಕ್ಷರದೋಷಗಳು ಅಚ್ಚುಗಳ ವಂಶವನ್ನು ತೋರಿಸುತ್ತವೆ. ಒಂದೇ ಹಿಮ್ಮುಖದ ಅಚ್ಚನ್ನು ಬೇರೆ ಬೇರೆ ಮುಮ್ಮುಖಗಳೊಡನೆ ಬಳಸಿದ ನಿದರ್ಶನಗಳಿವೆ. ಒಂದು ಪ್ರತಿಯಲ್ಲಿ ಅಚ್ಚು ಬಿರಿದ ಗೆರೆ ಚಿಕ್ಕದಾಗಿದ್ದು ಮತ್ತೊಂದರಲ್ಲಿ ಉದ್ದವಾಗಿದ್ದರೆ, ಎರಡನೆಯದು ಅನಂತರ ಹೊಡೆದುದೆಂದು ತಿಳಿಯುತ್ತದೆ.

ನಾಲ್ಕನೆಯದು ಇಸವಿ. ಪದಕದ ಮೇಲಿರುವ ಇಸವಿ ಘಟನೆಯದು, ತಯಾರಿಕೆಯದಲ್ಲ. ‘ನವೆಂಬರ್ 22, 1739’ ಎಂದಿರುವ ಪದಕವೂ 1740ರ ಮಾರ್ಚಿಗಿಂತ ಮೊದಲು ತಯಾರಾಗಿರಲಾರದು, ಏಕೆಂದರೆ ಅದಕ್ಕೂ ಮೊದಲು ಲಂಡನ್ನಿಗೆ ಸುದ್ದಿಯೇ ಬಂದಿರಲಿಲ್ಲ. ಇದಲ್ಲದೆ ಬ್ರಿಟನ್ 1752ರವರೆಗೆ ಹಳೆಯ ಜೂಲಿಯನ್ ಪಂಚಾಂಗವನ್ನೇ ಅನುಸರಿಸುತ್ತಿದ್ದುದರಿಂದ ಸ್ಪೇನಿನ ದಾಖಲೆಗಳಲ್ಲಿ ಇದೇ ಘಟನೆ 11 ದಿನ ಮುಂದಕ್ಕೆ, ಡಿಸೆಂಬರಿನಲ್ಲಿ ಕಾಣಿಸುತ್ತದೆ. ಈ ವ್ಯತ್ಯಾಸವನ್ನು ಅರಿಯದವರು ಒಂದೇ ಯುದ್ಧವನ್ನು ಎರಡೆಂದು ಎಣಿಸುವ ಅಪಾಯವಿದೆ.

ಹೀಗೆ ಸಂಗ್ರಹಿಸಿದ ವಿವರಗಳನ್ನು ಅಧಿಕೃತ ಸೂಚಿಗಳೊಡನೆ ಹೋಲಿಸಬೇಕು. ಎಡ್ವರ್ಡ್ ಹಾಕಿನ್ಸ್ ಸಿದ್ಧಪಡಿಸಿ, ಆಗಸ್ಟಸ್ ಫ್ರಾಂಕ್ಸ್ ಮತ್ತು ಹರ್ಬರ್ಟ್ ಗ್ರೂಬರ್ ಸಂಪಾದಿಸಿ, 1885ರಲ್ಲಿ ಬ್ರಿಟಿಷ್ ಮ್ಯೂಸಿಯಂ ಪ್ರಕಟಿಸಿದ ಎರಡು ಸಂಪುಟಗಳ ಪದಕಸೂಚಿ ಇಲ್ಲಿ ಮೊದಲ ಆಧಾರ. ಅದರಲ್ಲಿಯೇ ವೆರ್ನನ್ ಪದಕಗಳ ನೂರಕ್ಕೂ ಮಿಕ್ಕ ಪ್ರಭೇದಗಳಿವೆ. ಜಾನ್ ಆಡಮ್ಸ್ ಮತ್ತು ಫರ್ನಾಂಡೊ ಚಾವೊ 2010ರಲ್ಲಿ ಹೊರತಂದ ಗ್ರಂಥ ಇದನ್ನು ಇನ್ನೂ ವಿಸ್ತರಿಸಿದೆ. ಪ್ರಭೇದದ ಸೂಚಿಸಂಖ್ಯೆ ದೊರೆಯುವವರೆಗೆ ಮೌಲ್ಯದ ಮಾತನ್ನು ಎತ್ತದಿರುವುದು ಲೇಸು.

ಎರಕದ ನಕಲುಗಳು

ಮೂಲ ಪದಕಗಳನ್ನು ಲೋಹದ ಬಿಲ್ಲೆಯ ಮೇಲೆ ಅಚ್ಚಿನ ಒತ್ತಡ ಹಾಕಿ ಮೂಡಿಸಲಾಗಿದೆ. ನಕಲುಗಳಲ್ಲಿ ಅನೇಕವು ಎರಕ ಹೊಯ್ದವು. ಕರಗಿದ ಲೋಹ ಆರುವಾಗ ಕುಗ್ಗುವುದರಿಂದ, ಮೂಲದಿಂದ ತೆಗೆದ ಅಚ್ಚಿನಲ್ಲಿ ಹೊಯ್ದ ನಕಲು ಮೂಲಕ್ಕಿಂತ ಕೊಂಚ ಚಿಕ್ಕದಾಗಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಮೇಲ್ಮೈಯಲ್ಲಿ ಸೂಜಿಮೊನೆಯಂಥ ಗುಳಿಗಳು, ಅಕ್ಷರಗಳ ಬುಡದಲ್ಲಿ ಮೊಂಡುತನ, ಅಂಚಿನಲ್ಲಿ ಬೆಸುಗೆಯಂಥ ಗೆರೆ ಅಥವಾ ಅದನ್ನು ಅರದಿಂದ ತೀಡಿದ ಗುರುತು ಕಾಣುತ್ತವೆ. ಅಯಸ್ಕಾಂತ ಹಿತ್ತಾಳೆಯನ್ನು ಸೆಳೆಯುವುದಿಲ್ಲ. ಸೆಳೆದರೆ ಒಳಗೆ ಕಬ್ಬಿಣವಿದ್ದು ಮೇಲೆ ಲೇಪವಿದೆಯೆಂದೇ ಅರ್ಥ. ಸವೆತ ಮತ್ತು ಎರಕದ ಮೊಂಡುತನಗಳ ಭೇದವನ್ನೂ ಅರಿಯಬೇಕು. ಸವೆತ ಎತ್ತರದ ಭಾಗಗಳಾದ ಮೂಗು, ಮೊಣಕಾಲು, ಹಾಯಿಗಳ ಮೇಲೆ ಮೊದಲು ಕಾಣುತ್ತದೆ. ಎರಕದ ಮೊಂಡುತನ ತಗ್ಗಿನಲ್ಲಿಯೂ ಎತ್ತರದಲ್ಲಿಯೂ ಸಮನಾಗಿರುತ್ತದೆ.

ನಡೆಯದ ವಿಜಯದ ಪದಕ

ಈ ಪದಕಗಳಲ್ಲೆಲ್ಲ ಹೆಚ್ಚು ಚಿಂತನೆಗೆ ಎಡೆಮಾಡುವುದು ಕಾರ್ಟಹೇನಾ ಪದಕ. 1741ರಲ್ಲಿ ವೆರ್ನನ್ ಇಂದಿನ ಕೊಲಂಬಿಯಾದಲ್ಲಿರುವ ಕಾರ್ಟಹೇನಾ ಬಂದರಿಗೆ ದೊಡ್ಡ ಪಡೆಯೊಡನೆ ಮುತ್ತಿಗೆ ಹಾಕಿದನು. ಬಂದರಿನ ಬಾಯಲ್ಲಿದ್ದ ಬೋಕಾಚಿಕಾ ಕೋಟೆ ಅವನ ವಶವಾಯಿತು. ಈ ಗೆಲುವಿನ ವರದಿ ಮೇ ತಿಂಗಳಲ್ಲಿ ಲಂಡನ್ನಿಗೆ ಬಂದಾಗ ಊರೇ ಗೆದ್ದಂತೆ ಜನ ಸಂಭ್ರಮಿಸಿದರು. ಅಷ್ಟರಲ್ಲಿ ಅಲ್ಲಿ ಒಳಕೋಟೆಯ ಮೇಲಿನ ದಾಳಿ ವಿಫಲವಾಗಿ, ಜ್ವರಕ್ಕೆ ಸಾವಿರಾರು ಮಂದಿ ಬಲಿಯಾಗಿ, ಮುತ್ತಿಗೆ ಮುರಿದುಬಿದ್ದಿತ್ತು. ಆದರೆ ಪದಕಗಳು ಆಗಲೇ ಮಾರುಕಟ್ಟೆಗೆ ಬಂದಿದ್ದವು. ‘ಬ್ರಿಟಿಷ್ ವೀರರು ಕಾರ್ಟಹೇನಾವನ್ನು ಗೆದ್ದರು, ಏಪ್ರಿಲ್ 1741’ ಎಂಬ ಅರ್ಥದ ಬರಹ ಅವುಗಳ ಮೇಲಿದೆ. ಹಲವು ಪ್ರಭೇದಗಳಲ್ಲಿ ಸ್ಪೇನಿನ ಸೇನಾನಿ ಬ್ಲಾಸ್ ದೆ ಲೆಸೊ ವೆರ್ನನ್ನನ ಮುಂದೆ ಮೊಣಕಾಲೂರಿ ತನ್ನ ಕತ್ತಿಯನ್ನು ಒಪ್ಪಿಸುತ್ತಿದ್ದಾನೆ.

ಲೆಸೊ ಹಿಂದಿನ ಯುದ್ಧಗಳಲ್ಲಿ ಒಂದು ಕಾಲು, ಒಂದು ಕಣ್ಣು ಕಳೆದುಕೊಂಡು ಒಂದು ಕೈಯ ಸ್ವಾಧೀನವನ್ನೂ ಕಳೆದುಕೊಂಡಿದ್ದವನು. ಪದಕದಲ್ಲಿ ಅವನಿಗೆ ಎರಡು ಕಾಲುಗಳಿವೆ. ಅಚ್ಚು ಕೊರೆದವನು ಅವನನ್ನು ಕಂಡಿರಲಿಲ್ಲ, ಕಾಣುವ ಅಗತ್ಯವೂ ಅವನಿಗಿರಲಿಲ್ಲ. ಸೋತ ವೈರಿ ಮಂಡಿಯೂರಲೇಬೇಕು ಎಂಬ ರೂಢಿಯ ಆಶಯ ಅವನ ಕೈಯನ್ನು ನಡೆಸಿತು. ಜನಪದ ಕಥನಗಳಲ್ಲಿ ವೀರನ ಪ್ರತಿಸ್ಪರ್ಧಿ ವ್ಯಕ್ತಿಯಾಗಿ ಉಳಿಯದೆ ಮಾದರಿಯಾಗುವ ಕ್ರಮವೇ ಇಲ್ಲಿ ಲೋಹದಲ್ಲಿ ಮೂಡಿದೆ. ಅದೇ ಕಾಲದ ಇನ್ನೊಂದು ಬಗೆಯ ಪದಕದಲ್ಲಿ ಪಿಶಾಚಿಯೊಂದು ವಾಲ್‌ಪೋಲನ ಕೊರಳಿಗೆ ಹಗ್ಗ ಹಾಕಿ ಅವನನ್ನು ಬಾಯ್ದೆರೆದ ನರಕದ ಕಡೆಗೆ ಎಳೆದೊಯ್ಯುತ್ತದೆ. ಬಾಯ್ದೆರೆದ ನರಕ ಯುರೋಪಿನ ಮಧ್ಯಯುಗದ ಧಾರ್ಮಿಕ ನಾಟಕಗಳಿಂದ ಬಂದ ಹಳೆಯ ಆಶಯ. 1742ರ ಫೆಬ್ರವರಿಯಲ್ಲಿ ವಾಲ್‌ಪೋಲ್ ಅಧಿಕಾರ ಬಿಟ್ಟನು. ಕಾರ್ಟಹೇನಾ ಪದಕ ಯುದ್ಧದ ವಿಷಯದಲ್ಲಿ ಸುಳ್ಳು ಹೇಳುತ್ತದೆ, ಲಂಡನ್ನಿನ ವಿಷಯದಲ್ಲಿ ನಿಜ ಹೇಳುತ್ತದೆ. 1741ರ ಬೇಸಗೆಯಲ್ಲಿ ಅಲ್ಲಿಯ ಜನ ಏನನ್ನು ನಂಬಲು ಸಿದ್ಧರಿದ್ದರು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಅಪರೂಪ.

ಶ್ರೀರಂಗಪಟ್ಟಣದ ಪದಕದೊಡನೆ ಹೋಲಿಕೆ

ಮಾರುಕಟ್ಟೆಯ ಪದಕಕ್ಕೂ ಅಧಿಕಾರದ ಪದಕಕ್ಕೂ ಇರುವ ಅಂತರವನ್ನು ಕನ್ನಡನಾಡಿಗೆ ಸಂಬಂಧಿಸಿದ ಒಂದು ಪದಕ ಸ್ಪಷ್ಟಪಡಿಸುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಬಳಿಕ ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನಿಕರಿಗಾಗಿ ಪದಕ ಮಾಡಿಸಿತು. ಬರ್ಮಿಂಗ್‌ಹ್ಯಾಮ್ ಬಳಿಯ ಮ್ಯಾಥ್ಯೂ ಬೋಲ್ಟನ್ನನ ಸೋಹೊ ಟಂಕಸಾಲೆಗಾಗಿ ಕುಚ್ಲರ್ ಅದರ ಅಚ್ಚನ್ನು ಕೊರೆದನು. ಮುಮ್ಮುಖದಲ್ಲಿ ಬ್ರಿಟನ್ನಿನ ಸಿಂಹ ಹುಲಿಯನ್ನು ಕೆಡವಿದೆ, ಹಿಮ್ಮುಖದಲ್ಲಿ ಕೋಟೆಯ ಮೇಲಿನ ದಾಳಿಯಿದೆ. ಚಿನ್ನ, ಚಿನ್ನದ ನೀರು ಕೊಟ್ಟ ಬೆಳ್ಳಿ, ಬೆಳ್ಳಿ, ಕಂಚು, ತವರ ಹೀಗೆ ಪಡೆಯುವವನ ಅಂತಸ್ತಿಗೆ ತಕ್ಕಂತೆ ಲೋಹ ಇಳಿಯುತ್ತ ಹೋಗಿ ಸಿಪಾಯಿಗೆ ತವರ ದೊರೆಯಿತು. ಇಲ್ಲಿ ಅಚ್ಚು ಶುದ್ಧ, ಇಸವಿ ಖಚಿತ, ಬರಹ ನಿರ್ದುಷ್ಟ. ಆದರೆ ಹೇಳುವುದು ಗೆದ್ದವರ ಮಾತನ್ನು ಮಾತ್ರ. ಅದೇ ಘಟನೆಯನ್ನು ಟಿಪ್ಪುವಿನ ಕುರಿತ ಕನ್ನಡ ಲಾವಣಿಗಳು ಶೋಕವಾಗಿ ಹಾಡಿದವು. ಬ್ರಿಟನ್ನಿನ ಬೀದಿಯ ಭಾವನೆ ಹಿತ್ತಾಳೆಯಲ್ಲಿ ಉಳಿದರೆ, ಇಲ್ಲಿಯ ಜನರ ಭಾವನೆ ನಾಲಗೆಯ ಮೇಲೆ ಉಳಿಯಿತು. ಯಾವುದೇ ಪದಕವನ್ನು ಗುರುತಿಸುವಾಗ ಅದನ್ನು ಯಾರು ಮಾಡಿಸಿದರು, ಅದು ಯಾರ ಕೈ ಸೇರಿತು ಎಂಬ ಪ್ರಶ್ನೆಗಳನ್ನು ಕೇಳಲೇಬೇಕೆಂಬುದು ಈ ಹೋಲಿಕೆಯಿಂದ ಮನದಟ್ಟಾಗುತ್ತದೆ.

ಮೌಲ್ಯನಿರ್ಣಯ

ಹಿತ್ತಾಳೆ ಪದಕದಲ್ಲಿ ಲೋಹದ ಬೆಲೆ ನಗಣ್ಯ. ಉಳಿಯುವುದು ಮಾರುಕಟ್ಟೆಯ ಬೆಲೆ ಮತ್ತು ಸಾಕ್ಷ್ಯದ ಬೆಲೆ. ಮಾರುಕಟ್ಟೆಯ ಬೆಲೆಯನ್ನು ಪ್ರಭೇದದ ವಿರಳತೆ, ಸ್ಥಿತಿ, ಮೇಲ್ಮೈಯ ಸಹಜತೆ ಮತ್ತು ಹಿಂದಿನ ಒಡೆತನದ ದಾಖಲೆ ನಿರ್ಧರಿಸುತ್ತವೆ. ಹಳಮೆಯೊಂದೇ ಬೆಲೆ ತರುವುದಿಲ್ಲ. ವೆರ್ನನ್ ಪದಕಗಳು ಅಪಾರ ಸಂಖ್ಯೆಯಲ್ಲಿ ತಯಾರಾದುದರಿಂದ, ಸವೆದ ಸಾಮಾನ್ಯ ಪ್ರಭೇದ ಸುಮಾರು ಮುನ್ನೂರು ವರ್ಷ ಹಳೆಯದಾಗಿದ್ದರೂ ಹತ್ತಾರು ಪೌಂಡುಗಳಿಗೆ ಸಿಗುತ್ತದೆ. ಚಿತ್ರ ಮತ್ತು ಅಕ್ಷರ ಸ್ಫುಟವಾಗಿರುವ ಪ್ರತಿಗೆ ನೂರಾರು ಪೌಂಡುಗಳಾಗಬಹುದು. ಬೆಲೆಯನ್ನು ಅಂದಾಜು ಮಾಡುವಾಗ ಮಾರಾಟಗಾರ ಕೇಳುವ ದರವನ್ನು ಬಿಟ್ಟು, ಹರಾಜಿನಲ್ಲಿ ಅದೇ ಪ್ರಭೇದಕ್ಕೆ, ಅದೇ ಸ್ಥಿತಿಯಲ್ಲಿ, ನಿಜವಾಗಿ ಸಂದ ಹಣವನ್ನು ಆಧಾರವಾಗಿ ಹಿಡಿಯಬೇಕು.

ಸಾಕ್ಷ್ಯದ ಬೆಲೆ ಇದಕ್ಕೆ ಹಲವೊಮ್ಮೆ ವಿರುದ್ಧ ದಿಕ್ಕಿನಲ್ಲಿ ಚಲಿಸುತ್ತದೆ. ಅನೇಕ ವೆರ್ನನ್ ಪದಕಗಳ ಮೇಲ್ಭಾಗದಲ್ಲಿ ತೂತು ಕೊರೆಯಲಾಗಿದೆ. ಸಂಗ್ರಾಹಕನ ಲೆಕ್ಕದಲ್ಲಿ ತೂತು ಒಂದು ಊನ, ಅದರಿಂದ ಬೆಲೆ ಇಳಿಯುತ್ತದೆ. ಸಂಶೋಧಕನಿಗೆ ಆ ತೂತೇ ಪದಕವನ್ನು ಯಾರೋ ದಾರದಲ್ಲಿ ಪೋಣಿಸಿ ಧರಿಸಿದ್ದರೆಂಬುದರ ಕುರುಹು. ದೊರೆತ ಸ್ಥಳದ ಮಾತೂ ಹೀಗೆಯೇ. ಇಂಗ್ಲೆಂಡಿನ ಹೊಲಗಳಲ್ಲಿ ಸಿಗುವ ಇಂಥ ಪದಕಗಳನ್ನು 1997ರಲ್ಲಿ ಆರಂಭವಾದ ಪ್ರಾಚ್ಯವಸ್ತು ದಾಖಲಾತಿ ಯೋಜನೆ ಸ್ಥಳಸಹಿತವಾಗಿ ನಮೂದಿಸುತ್ತಿದೆ. ಉತ್ತರ ಅಮೆರಿಕದ ವಸಾಹತು ಕಾಲದ ನೆಲೆಗಳಲ್ಲಿಯೂ ಇವು ದೊರೆತಿವೆ. ಸ್ಥಳ ತಿಳಿದ ಸವಕಲು ಪದಕ ವೀರನೊಬ್ಬನ ಕೀರ್ತಿ ಎಲ್ಲಿಯವರೆಗೆ ಹರಡಿತ್ತೆಂದು ತಿಳಿಸುತ್ತದೆ. ಸ್ಥಳ ತಿಳಿಯದ ಹೊಳೆಯುವ ಪದಕಕ್ಕೆ ಆ ಶಕ್ತಿಯಿಲ್ಲ.

ಸಂರಕ್ಷಣೆ ಮತ್ತು ದಾಖಲೆ

ಮನೆಯ ಹಿತ್ತಾಳೆಯನ್ನು ಹುಣಸೆಹಣ್ಣು, ಬೂದಿ ಹಾಕಿ ಬೆಳಗುವುದು ನಮ್ಮಲ್ಲಿ ಶುಚಿತ್ವದ ಲಕ್ಷಣ. ಹಳೆಯ ಪದಕಕ್ಕೆ ಅದೇ ಉಪಚಾರ ಮಾಡಿದರೆ ಸರಿಪಡಿಸಲಾಗದ ಹಾನಿಯಾಗುತ್ತದೆ. ಹುಳಿ ಲೋಹದ ಮೇಲಿನ ಕಂದುಪದರವನ್ನು ಕರಗಿಸುತ್ತದೆ, ಬೂದಿ ಸೂಕ್ಷ್ಮ ಗೆರೆಗಳನ್ನು ಉಜ್ಜಿ ಅಳಿಸುತ್ತದೆ. ಅಚ್ಚಿನ ಬಿರುಕು, ತಿರುಗಿದ ಅಕ್ಷರ, ಧರಿಸಿದವನ ಮೈಗೆ ತಾಗಿ ಆದ ಸವೆತ ಇವೆಲ್ಲ ಒಮ್ಮೆ ಬೆಳಗಿದರೆ ಮಸುಕಾಗುತ್ತವೆ. ಪದಕವನ್ನು ಅಂಚಿನಲ್ಲಿ ಹಿಡಿಯುವುದು, ಆಮ್ಲರಹಿತ ಕಾಗದದ ಲಕೋಟೆಯಲ್ಲಿ ತೇವವಿಲ್ಲದೆಡೆ ಇಡುವುದು ಸಾಕು. ಹಸಿರು ಪುಡಿ ಉದುರುತ್ತಿದ್ದರೆ ಸಂರಕ್ಷಣಾ ತಜ್ಞರಿಗೆ ಒಪ್ಪಿಸಬೇಕು.

ಗ್ರಂಥಾಲಯ ಮತ್ತು ಸಂಗ್ರಹಾಲಯಗಳ ನೋಂದಣಿ ಪುಸ್ತಕದಲ್ಲಿ ‘ಹಳೆಯ ಹಿತ್ತಾಳೆ ಬಿಲ್ಲೆ, ಒಂದು’ ಎಂಬ ನಮೂದಿನಿಂದ ಏನೂ ತಿಳಿಯುವುದಿಲ್ಲ. ವ್ಯಾಸ, ತೂಕ, ಲೋಹ, ಎರಡೂ ಮುಖಗಳ ಚಿತ್ರ ಮತ್ತು ಬರಹದ ಯಥಾವತ್ ನಕಲು, ಅಚ್ಚುಗಳ ದಿಕ್ಕು, ತೂತು ಸವೆತಗಳ ವಿವರ, ಸೂಚಿಸಂಖ್ಯೆ, ಎಲ್ಲಿಂದ ಯಾರಿಂದ ಬಂತೆಂಬ ಮಾಹಿತಿ ಇಷ್ಟನ್ನೂ ಬರೆಯಬೇಕು. ಘಟನೆಯ ಇಸವಿಯನ್ನೂ ತಯಾರಿಕೆಯ ಕಾಲವನ್ನೂ ಬೇರೆ ಬೇರೆ ಅಂಕಣಗಳಲ್ಲಿ ನಮೂದಿಸಬೇಕು. ಪದಕ ಹೇಳುವ ಮಾತು ಇತಿಹಾಸಕ್ಕೆ ವಿರುದ್ಧವಾಗಿದ್ದರೆ, ಕಾರ್ಟಹೇನಾ ಪದಕದ ವಿಷಯದಲ್ಲಿರುವಂತೆ, ಅದನ್ನು ದೋಷವೆಂದು ತಳ್ಳಿಹಾಕದೆ ಪ್ರತ್ಯೇಕ ಟಿಪ್ಪಣಿಯಾಗಿ ದಾಖಲಿಸಬೇಕು. ಗೆಲುವಿನ ಸುದ್ದಿ ಸುಳ್ಳಾದ ಮೇಲೂ ಆ ಪದಕಗಳಲ್ಲಿ ಬಹಳಷ್ಟು ಉಳಿದುಬಂದಿವೆ. ಕೊಂಡವರು ಅವನ್ನು ಎಸೆಯಲಿಲ್ಲ ಎಂಬ ಸಂಗತಿಯೂ ಅಧ್ಯಯನ ಯೋಗ್ಯವಾದ ಸಾಕ್ಷ್ಯವೇ ಆಗಿದೆ.